ಸ್ಕ್ಯಾನ್ ಬಿಲ್ಲಿನಲ್ಲಿ ಮೆಡಿಕೇರ್ ಪಾಲೆಷ್ಟು, ನಿಮ್ಮ ಪಾಲೆಷ್ಟು?

"ಮೆಡಿಕೇರ್ ಕಾರ್ಡ್ ಇದೆಯಲ್ಲ, ಮತ್ತೆ ಸ್ಕ್ಯಾನಿಂಗ್‌ಗೆ ಯಾಕೆ ದುಡ್ಡು ತಗೊಂಡ್ರು?" ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ ನಮ್ಮ ಕನ್ನಡ ಕುಟುಂಬಗಳಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಡಾಕ್ಟರ ಹತ್ತಿರ ಹೋದಾಗ ಒಂದು ಸೆಂಟೂ ಕೇಳಲಿಲ್ಲ. ಅದೇ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಅಲ್ಟ್ರಾಸೌಂಡ್ ಕೇಂದ್ರಕ್ಕೆ ಹೋದರೆ ಕೌಂಟರಿನಲ್ಲಿ ಇನ್ನೂರು ಚಿಲ್ಲರೆ ಡಾಲರ್ ಕೇಳುತ್ತಾರೆ. ಅದರಲ್ಲಿ ಒಂದಿಷ್ಟು ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ, ಉಳಿದದ್ದು ಬರುವುದಿಲ್ಲ. ಇದರ ಮಧ್ಯೆ ಪ್ರತಿ ವರ್ಷ "ರಿಬೇಟ್ ಹೆಚ್ಚಾಯಿತು" ಎಂಬ ಸುದ್ದಿ. ಬಿಲ್ಲು ಮಾತ್ರ ಇಳಿದಂತೆ ಕಾಣುವುದಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ. ಆದರೆ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ. ಸ್ವಲ್ಪ ಕೂತು ನೋಡೋಣ.

ಮೊದಲು ಮೆಡಿಕೇರ್ ಎಂದರೇನು ಎಂಬುದು. ಇದು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. 1975ರಲ್ಲಿ ಮೆಡಿಬ್ಯಾಂಕ್ ಎಂಬ ಹೆಸರಿನಲ್ಲಿ ಶುರುವಾಗಿ, ನಡುವೆ ಏರುಪೇರು ಕಂಡು, 1984ರ ಫೆಬ್ರವರಿ 1ರಿಂದ ಮೆಡಿಕೇರ್ ಆಗಿ ನಿಂತಿದೆ. ಬಹುಪಾಲು ತೆರಿಗೆದಾರರು ತಮ್ಮ ತೆರಿಗೆಗೆ ಒಳಪಡುವ ಆದಾಯದ ಶೇ. 2ರಷ್ಟನ್ನು ಮೆಡಿಕೇರ್ ಲೆವಿ ಎಂದು ಕೊಡುತ್ತಾರೆ. ಖರ್ಚಿನ ಪೂರ್ತಿ ಭಾರ ಹೊರಲು ಆ ಲೆವಿ ಸಾಲದು. ಉಳಿದದ್ದು ಸಾಮಾನ್ಯ ತೆರಿಗೆ ಹಣದಿಂದಲೇ ಬರಬೇಕು.

ಮೆಡಿಕೇರ್ ಬಳಿ ಒಂದು ದೊಡ್ಡ ದರಪಟ್ಟಿ ಇದೆ. ಇದನ್ನು ಮೆಡಿಕೇರ್ ಬೆನಿಫಿಟ್ಸ್ ಶೆಡ್ಯೂಲ್ ಎನ್ನುತ್ತಾರೆ, ಚಿಕ್ಕದಾಗಿ ಎಂಬಿಎಸ್. ವೈದ್ಯಕೀಯ ಸೇವೆ ಒಂದೊಂದಕ್ಕೂ ಒಂದು ಐಟಂ ನಂಬರ್, ಒಂದು ಬೆಲೆ. ಹೊಟ್ಟೆಯ ಅಲ್ಟ್ರಾಸೌಂಡ್ 55036. ಕಿಬ್ಬೊಟ್ಟೆಯದು, ಅಂದರೆ ಪೆಲ್ವಿಸ್ ಸ್ಕ್ಯಾನ್, 55065. ಬಸುರಿನ ಮೊದಲ 12 ವಾರದೊಳಗಿನದು 55700. 17ರಿಂದ 22 ವಾರದ ನಡುವೆ ಮಗುವಿನ ಅಂಗಾಂಗ ನೋಡುವ ಮುಖ್ಯ ಸ್ಕ್ಯಾನ್ 55706. ಈ ಐಟಂ ನಂಬರ್ ನಿಮ್ಮ ರಸೀದಿಯ ಮೇಲೂ ಇರುತ್ತದೆ. ಮುಂದಿನ ಸಲ ರಸೀದಿ ಸಿಕ್ಕಾಗ ಆ ಐದು ಅಂಕಿಯನ್ನು ಹುಡುಕಿ ನೋಡಿ. ಎಂಬಿಎಸ್ ಆನ್‌ಲೈನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಆ ಸ್ಕ್ಯಾನಿನ ಸರ್ಕಾರಿ ದರ, ರಿಬೇಟ್, ನಿಯಮ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ.

ಸರ್ಕಾರ ಇಟ್ಟ ಆ ಬೆಲೆಗೆ ಶೆಡ್ಯೂಲ್ ಫೀ ಎಂದು ಹೆಸರು. ಗೊಂದಲ ಹುಟ್ಟುವುದೇ ಇಲ್ಲಿ. ಶೆಡ್ಯೂಲ್ ಫೀ ಎಂದರೆ ಸ್ಕ್ಯಾನ್ ಕೇಂದ್ರದವರು ಇಷ್ಟೇ ತೆಗೆದುಕೊಳ್ಳಬೇಕು ಎಂಬ ಮಿತಿ ಅಲ್ಲ. ಸರ್ಕಾರ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ಬೆಲೆ, ಅಷ್ಟೇ. ಖಾಸಗಿ ಸ್ಕ್ಯಾನ್ ಕೇಂದ್ರ ತನ್ನ ಬೆಲೆಯನ್ನು ತಾನೇ ಇಟ್ಟುಕೊಳ್ಳಬಹುದು. ರಿಬೇಟ್, ಅಂದರೆ ಸರ್ಕಾರ ನಿಮಗೆ ಮರಳಿಸುವ ಹಣ, ಲೆಕ್ಕವಾಗುವುದು ಶೆಡ್ಯೂಲ್ ಫೀ ಮೇಲೆ. ನೀವು ಕೊಟ್ಟ ಬಿಲ್ಲಿನ ಮೇಲೆ ಅಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಈ ಲೇಖನದ ಅರ್ಧ ಓದಿದ ಹಾಗೆ.

ಆಸ್ಪತ್ರೆಗೆ ದಾಖಲಾಗದೆ, ಹೊರಗಿನಿಂದ ಹೋಗಿ ಸ್ಕ್ಯಾನ್ ಮಾಡಿಸಿಕೊಂಡರೆ ಶೆಡ್ಯೂಲ್ ಫೀಯ ಶೇ. 85 ವಾಪಸ್ ಬರುತ್ತದೆ. ಖಾಸಗಿ ರೋಗಿಯಾಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಮಾಡಿಸಿದರೆ ಶೇ. 75. ಸರ್ಕಾರಿ ಆಸ್ಪತ್ರೆಯಲ್ಲಿ ಸಾರ್ವಜನಿಕ ರೋಗಿಯಾಗಿದ್ದರೆ ಈ ಲೆಕ್ಕವೇ ಬೇಡ, ನಿಮಗೆ ಬಿಲ್ಲೇ ಬರುವುದಿಲ್ಲ.

ಒಂದು ಬಿಲ್ಲನ್ನು ಬಿಡಿಸಿ ನೋಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟವು. ಸ್ಕ್ಯಾನಿನ ಶೆಡ್ಯೂಲ್ ಫೀ 120 ಡಾಲರ್ ಎಂದುಕೊಳ್ಳಿ. ಕೇಂದ್ರದವರ ಬೆಲೆ 240 ಡಾಲರ್. ನೀವು ಕೌಂಟರಿನಲ್ಲಿ ಕಾರ್ಡ್ ಉಜ್ಜಿ 240 ಕೊಟ್ಟಿರಿ. 120ರಲ್ಲಿ ಶೇ. 85 ಎಂದರೆ 102 ಡಾಲರ್. ಅದು ನಿಮ್ಮ ಖಾತೆಗೆ ಬಂತು. ಉಳಿದ 138 ಡಾಲರ್ ನಿಮ್ಮ ಜೇಬಿನದು. ಇಲ್ಲಿನವರು ಇದನ್ನು ಗ್ಯಾಪ್ ಎನ್ನುತ್ತಾರೆ. "ಶೇ. 85 ಸರ್ಕಾರ ಕೊಡುತ್ತದಂತೆ" ಎಂದು ಕೇಳಿಕೊಂಡು ಹೋದವರಿಗೆ ಅರ್ಧಕ್ಕಿಂತ ಹೆಚ್ಚು ಕೈಯಿಂದಲೇ ಹೋದದ್ದು ನೋಡಿ ಸಿಟ್ಟು ಬರುವುದು ಸಹಜ.

ಈಗ ಜುಲೈ ಬಂತು, ಶೆಡ್ಯೂಲ್ ಫೀ ಶೇ. 2.4ರಷ್ಟು ಏರಿತು ಎಂದಿಟ್ಟುಕೊಳ್ಳಿ. 120 ಇದ್ದದ್ದು 122 ಡಾಲರ್ 90 ಸೆಂಟ್ ಆಯಿತು. ನಿಮ್ಮ ರಿಬೇಟ್ ಸುಮಾರು ಎರಡೂವರೆ ಡಾಲರ್ ಹೆಚ್ಚಿತು. ಅದೇ ತಿಂಗಳು ಕೇಂದ್ರದವರು ತಮ್ಮ ಬೆಲೆಯನ್ನು 240ರಿಂದ 250ಕ್ಕೆ ಏರಿಸಿದರು. ರಿಬೇಟ್ ಹೆಚ್ಚಾಯಿತು ಎಂಬ ಸುದ್ದಿ ನಿಜ. ನಿಮ್ಮ ಜೇಬಿನಿಂದ ಹೋಗುವುದು ಏಳೂವರೆ ಡಾಲರ್ ಹೆಚ್ಚಾದದ್ದೂ ನಿಜ.

ಬಲ್ಕ್ ಬಿಲ್ಲಿಂಗ್ ಎಂಬ ಇನ್ನೊಂದು ದಾರಿ

ಕೆಲವು ಕೇಂದ್ರಗಳು ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ನಿಮಗೆ ಬರಬೇಕಾದ ರಿಬೇಟನ್ನೇ ಪೂರ್ತಿ ಹಣವೆಂದು ಒಪ್ಪಿಕೊಂಡು, ಅದನ್ನು ನೇರವಾಗಿ ಸರ್ಕಾರದಿಂದ ಪಡೆಯುತ್ತವೆ. ಇದು ಬಲ್ಕ್ ಬಿಲ್ಲಿಂಗ್. ಕೇಂದ್ರಗಳು ಹೀಗೆ ಮಾಡಲಿ ಎಂದು ಸರ್ಕಾರ 2009ರ ನವೆಂಬರ್ 1ರಿಂದ ಪ್ರೋತ್ಸಾಹಧನ ಇಟ್ಟಿತು. ಬಲ್ಕ್ ಬಿಲ್ ಮಾಡಿದ ಹೊರರೋಗಿ ಅಲ್ಟ್ರಾಸೌಂಡಿಗೆ ಕೇಂದ್ರಕ್ಕೆ ಸಿಗುವುದು ಶೇ. 85 ಅಲ್ಲ, ಶೇ. 95. ಮೇಲಿನ ಉದಾಹರಣೆಯಲ್ಲಿ 114 ಡಾಲರ್. ನಿಮಗೆ ಖರ್ಚು ಸೊನ್ನೆ.

ಬಲ್ಕ್ ಬಿಲ್ ಎಂದು ಒಪ್ಪಿಕೊಂಡ ಮೇಲೆ ಅದೇ ಸೇವೆಗೆ "ಬುಕಿಂಗ್ ಫೀ", "ಸಾಮಗ್ರಿ ಖರ್ಚು" ಎಂದು ಪ್ರತ್ಯೇಕವಾಗಿ ಹಣ ಕೇಳುವಂತಿಲ್ಲ. ಕೇಳಿದರೆ ಅದು ಬಲ್ಕ್ ಬಿಲ್ಲಿಂಗ್ ಅಲ್ಲ. ಸಂಕೋಚಪಡದೆ ಕೇಳಿ: "ಇದು ಯಾವುದಕ್ಕೆ?"

240 ಡಾಲರ್ ಸಿಗುವ ಜಾಗದಲ್ಲಿ 114ಕ್ಕೆ ಯಾರಾದರೂ ಯಾಕೆ ಒಪ್ಪುತ್ತಾರೆ? ದಿನಕ್ಕೆ ಹೆಚ್ಚು ಜನರನ್ನು ನೋಡುವ ದೊಡ್ಡ ಕೇಂದ್ರಗಳಿಗೆ ಇದು ಗಿಟ್ಟುತ್ತದೆ. ಪಕ್ಕದಲ್ಲೇ ಇನ್ನೊಂದು ಕೇಂದ್ರವಿದ್ದರೆ ಪೈಪೋಟಿಯೂ ಒಂದು ಕಾರಣ. ಕೆಲವರು ಪೆನ್ಷನ್ ಕಾರ್ಡ್, ಹೆಲ್ತ್ ಕೇರ್ ಕಾರ್ಡ್ ಮುಂತಾದ ರಿಯಾಯಿತಿ ಕಾರ್ಡ್ ಇದ್ದವರಿಗೆ ಮಾತ್ರ ಬಲ್ಕ್ ಬಿಲ್ ಮಾಡುತ್ತಾರೆ. ಕೆಲವರು ಹೊಟ್ಟೆಯ ಸ್ಕ್ಯಾನಿಗೆ ಮಾಡುತ್ತಾರೆ, ಬಸುರಿನ ದೊಡ್ಡ ಸ್ಕ್ಯಾನಿಗೆ ಮಾಡುವುದಿಲ್ಲ. ಅದು ಹೆಚ್ಚು ಹೊತ್ತು ಹಿಡಿಯುವ, ಪರಿಣತಿ ಬೇಡುವ ಕೆಲಸ. ಹಾಗಾಗಿ "ಆ ಕೇಂದ್ರ ಬಲ್ಕ್ ಬಿಲ್ ಮಾಡುತ್ತದಾ?" ಎಂಬ ಪ್ರಶ್ನೆ ಸಾಲದು. "ಈ ಸ್ಕ್ಯಾನಿಗೆ, ನನಗೆ ಮಾಡುತ್ತದಾ?" ಎಂದು ಕೇಳಬೇಕು.

ಇನ್ನೊಂದು ಗೊಂದಲ ಇತ್ತೀಚಿನದು. 2025ರ ನವೆಂಬರ್ 1ರಿಂದ ಜಿಪಿಗಳಿಗೆ, ಅಂದರೆ ನಮ್ಮ ಬಡಾವಣೆಯ ಸಾಮಾನ್ಯ ವೈದ್ಯರಿಗೆ, ಬಲ್ಕ್ ಬಿಲ್ಲಿಂಗ್ ಪ್ರೋತ್ಸಾಹಧನವನ್ನು ಮೆಡಿಕೇರ್ ಇರುವ ಎಲ್ಲ ರೋಗಿಗಳಿಗೂ ವಿಸ್ತರಿಸಿದರು. ಮೊದಲು ಅದು ಮಕ್ಕಳಿಗೆ ಮತ್ತು ರಿಯಾಯಿತಿ ಕಾರ್ಡ್ ಇದ್ದವರಿಗೆ ಸೀಮಿತವಾಗಿತ್ತು. ಈ ಸುದ್ದಿ ಓದಿ ಸ್ಕ್ಯಾನೂ ಉಚಿತವಾಯಿತು ಎಂದುಕೊಂಡವರಿದ್ದಾರೆ. ಹಾಗಿಲ್ಲ. ಆ ಬದಲಾವಣೆ ಜಿಪಿ ಭೇಟಿಗೆ. ಸ್ಕ್ಯಾನ್ ಕೇಂದ್ರಗಳದ್ದು ಹಳೆಯ ಶೇ. 85 ಮತ್ತು ಶೇ. 95ರ ಲೆಕ್ಕವೇ.

ಗ್ಯಾಪ್ ಇಷ್ಟು ದೊಡ್ಡದಾದದ್ದು ಹೇಗೆ?

ಇದಕ್ಕೆ ಹಳೆಯ ಕಥೆ ಇದೆ. 1998ರಲ್ಲಿ ಸ್ಕ್ಯಾನ್, ಎಕ್ಸ್-ರೇ ಮುಂತಾದ ಇಮೇಜಿಂಗ್ ಸೇವೆಗಳ ಶೆಡ್ಯೂಲ್ ಫೀಯನ್ನು ಬೆಲೆ ಏರಿಕೆಗೆ ತಕ್ಕಂತೆ ಏರಿಸುವುದು ನಿಂತಿತು. ಪ್ರತಿ ವರ್ಷ ಹೀಗೆ ಏರಿಸುವುದಕ್ಕೆ ಇಂಡೆಕ್ಸೇಷನ್ ಎಂದು ಹೆಸರು. ನಮ್ಮಲ್ಲಿ ನೌಕರರಿಗೆ ತುಟ್ಟಿಭತ್ಯೆ ಸಿಕ್ಕ ಹಾಗೆ ಎನ್ನಿ. ಅದು ನಿಂತದ್ದು ಒಂದೆರಡು ವರ್ಷಕ್ಕಲ್ಲ, 2020ರ ಜುಲೈವರೆಗೆ. ಅಷ್ಟು ವರ್ಷಗಳಲ್ಲಿ ಬಾಡಿಗೆ ಏರಿತು, ಸಂಬಳ ಏರಿತು, ಯಂತ್ರಗಳು ಬದಲಾದವು. ಸರ್ಕಾರದ ದರ ಮಾತ್ರ ಇದ್ದಲ್ಲೇ ಇತ್ತು. ಕೇಂದ್ರಗಳು ತಮ್ಮ ಬೆಲೆ ಏರಿಸಿದವು. ನಡುವಿನ ವ್ಯತ್ಯಾಸ ರೋಗಿಯ ತಲೆಗೆ ಬಂತು.

55706, ಅಂದರೆ 17ರಿಂದ 22 ವಾರದ ಸ್ಕ್ಯಾನನ್ನೇ ನೋಡಿ. 2020ರ ಜೂನ್‌ವರೆಗೂ ಅದರ ಶೆಡ್ಯೂಲ್ ಫೀ ಸರಿಯಾಗಿ 100 ಡಾಲರ್. ರಿಬೇಟ್ 85 ಡಾಲರ್. ಮಗುವಿನ ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ತುಟಿ, ಮೂತ್ರಪಿಂಡ ಒಂದೊಂದನ್ನೂ ಅಳೆದು, ಚಿತ್ರ ತೆಗೆದು, ಡಾಕ್ಟರು ನೋಡಿ ವರದಿ ಬರೆಯುವ ಕೆಲಸಕ್ಕೆ ಅಷ್ಟು.

2014ರ ಬಜೆಟ್‌ನಲ್ಲಿ ಸರ್ಕಾರ ತದ್ವಿರುದ್ಧ ದಿಕ್ಕಿಗೆ ಹೊರಟಿತ್ತು. ಜಿಪಿ ಭೇಟಿಗೆ, ರಕ್ತಪರೀಕ್ಷೆಗೆ, ಸ್ಕ್ಯಾನಿಗೆ ರೋಗಿಯಿಂದ 7 ಡಾಲರ್ ಪಡೆಯುವ ಪ್ರಸ್ತಾಪ ಬಂತು. ಜನ ಸಿಟ್ಟಿಗೆದ್ದರು, ಸೆನೆಟ್‌ನಲ್ಲಿ ಬೆಂಬಲ ಸಿಗಲಿಲ್ಲ, ಮರುವರ್ಷ ಅದನ್ನು ಕೈಬಿಟ್ಟರು. ಬಳಿಕ 2019ರ ಬಜೆಟ್‌ನಲ್ಲಿ ಅಲ್ಟ್ರಾಸೌಂಡ್ ಮತ್ತು ಎಕ್ಸ್-ರೇಗೂ ಇಂಡೆಕ್ಸೇಷನ್ ಮರಳಿ ಕೊಡುವುದಾಗಿ ಘೋಷಿಸಿದರು. 2020ರ ಜುಲೈ 1ರಂದು ಮೊದಲ ಏರಿಕೆ ಆಯಿತು, ಶೇ. 1.5. ನೂರು ಡಾಲರಿನ ಸ್ಕ್ಯಾನ್ 101 ಡಾಲರ್ 50 ಸೆಂಟ್ ಆಯಿತು. ಅಲ್ಲಿಂದ ವರ್ಷಕ್ಕೊಮ್ಮೆ ಏರುತ್ತಾ 2025ರ ಹೊತ್ತಿಗೆ ಅದು 115ರ ಆಸುಪಾಸಿಗೆ ಬಂತು.

ನನ್ನ ಅಭಿಪ್ರಾಯ ಕೇಳಿದರೆ, 2020ರ ಬದಲಾವಣೆ ಒಳ್ಳೆಯದೇ, ಆದರೆ ತಡವಾಯಿತು. ಆಮೇಲಿನ ಏರಿಕೆಗಳು ಗ್ಯಾಪ್ ಇನ್ನಷ್ಟು ಬೇಗ ಬೆಳೆಯದಂತೆ ತಡೆಯುತ್ತವೆ. ಆಗಲೇ ಬೆಳೆದು ನಿಂತ ಗ್ಯಾಪನ್ನು ಮುಚ್ಚುವ ಶಕ್ತಿ ಅವಕ್ಕಿಲ್ಲ.

ದರದ ಜೊತೆಗೆ ಯಂತ್ರದ ಮೇಲೂ ನಿಯಮ ಬಂತು. ಹಳೆಯ ಯಂತ್ರದಲ್ಲಿ ಮಾಡಿದ ಸ್ಕ್ಯಾನಿಗೆ ಒಂದು ಕಾಲದಲ್ಲಿ ಅರ್ಧ ದರ ಸಿಗುತ್ತಿತ್ತು. 2020ರಲ್ಲಿ ಆ ಅರ್ಧ ದರವನ್ನೂ ತೆಗೆದರು. ಅಲ್ಟ್ರಾಸೌಂಡ್ ಯಂತ್ರಕ್ಕೆ ಹತ್ತು ವರ್ಷದ ಆಯಸ್ಸು, ನಿಯಮದಂತೆ ಮೇಲ್ದರ್ಜೆಗೇರಿಸಿದ್ದರೆ ಹದಿನೈದು. ಅದು ದಾಟಿದರೆ ರಿಬೇಟ್ ಇಲ್ಲ. ದೂರದ ಊರುಗಳಿಗೆ ವಿನಾಯಿತಿ ಉಂಟು. ಇದು ನೀವು ತಲೆಕೆಡಿಸಿಕೊಳ್ಳುವ ವಿಷಯವಲ್ಲ, ಕೇಂದ್ರದವರ ಹೊಣೆ. ಕೇಂದ್ರಕ್ಕೆ ಮಾನ್ಯತೆ ಇರಬೇಕು, ಸ್ಕ್ಯಾನ್ ಮಾಡುವ ಸೋನೋಗ್ರಾಫರ್ ನೋಂದಾಯಿತರಾಗಿರಬೇಕು ಎಂಬ ನಿಯಮಗಳೂ ಅಷ್ಟೇ.

  

ಚೀಟಿ ಯಾರು ಬರೆಯಬೇಕು?

ಊರಲ್ಲಿ ನಾವು ದುಡ್ಡು ಕೊಡಲು ತಯಾರಿದ್ದರೆ ಎಷ್ಟೋ ಪರೀಕ್ಷೆಗಳನ್ನು ನೇರವಾಗಿ ಹೋಗಿ ಮಾಡಿಸಿಕೊಂಡು ರೂಢಿ. ಇಲ್ಲಿ ಪೂರ್ತಿ ರಿಬೇಟ್ ಬೇಕಾದರೆ ಡಾಕ್ಟರ ಚೀಟಿ ಬೇಕೇ ಬೇಕು. ಅದಕ್ಕೆ ರಿಕ್ವೆಸ್ಟ್ ಫಾರ್ಮ್ ಎನ್ನುತ್ತಾರೆ, ಮಾತಿನಲ್ಲಿ ರೆಫರಲ್. ಜಿಪಿ ಬರೆಯಬಹುದು, ತಜ್ಞ ವೈದ್ಯರು ಬರೆಯಬಹುದು. ಬಸುರಿನ ಸ್ಕ್ಯಾನ್‌ಗಳಲ್ಲಿ ಮುಖ್ಯವಾದವನ್ನು ಮೆಡಿಕೇರ್ ಮಾನ್ಯತೆ ಇರುವ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ, ಬರೆದರೂ ನಡೆಯುತ್ತದೆ. ಚೀಟಿಯಿಲ್ಲದೆ ಡಾಕ್ಟರೇ ತಮ್ಮ ಕೋಣೆಯಲ್ಲಿ ಮಾಡುವ ಸ್ಕ್ಯಾನ್‌ಗಳಿಗೆ ಬೇರೆ ಐಟಂ ನಂಬರ್‌ಗಳಿವೆ, ಅವುಗಳ ದರ ಕಡಿಮೆ.

ಭಾನುವಾರದ ಕ್ರಿಕೆಟ್ ಆಡಿ ಭುಜ ಉಳುಕಿಸಿಕೊಂಡವರು ಇಲ್ಲಿ ಎಡವುತ್ತಾರೆ. ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುತ್ತಾರೆ. ಅವರು "ಒಂದು ಅಲ್ಟ್ರಾಸೌಂಡ್ ಮಾಡಿಸಿ" ಎಂದು ಬರೆದುಕೊಡುತ್ತಾರೆ. ಆ ಚೀಟಿಯ ಮೇಲೆ ಸ್ಕ್ಯಾನ್ ಆಗುತ್ತದೆ, ರಿಬೇಟ್ ಬರುವುದಿಲ್ಲ. ಫಿಸಿಯೋ ಬರೆದದ್ದಕ್ಕೆ ಮೆಡಿಕೇರ್ ಕೊಡುವುದು ಕೆಲವೇ ಎಕ್ಸ್-ರೇಗಳಿಗೆ. ಭುಜದ ಸ್ಕ್ಯಾನಿಗೆ ಜಿಪಿಯಿಂದ ಬರೆಸಿಕೊಳ್ಳಿ. ಫಿಸಿಯೋ ಕೋಣೆಯಲ್ಲಿ ನೋವಿನ ಜಾಗಕ್ಕೆ ಹಿಡಿಯುವ ಅಲ್ಟ್ರಾಸೌಂಡ್ ಬೇರೆಯೇ. ಅದು ಚಿಕಿತ್ಸೆ, ಚಿತ್ರ ತೆಗೆಯುವುದಲ್ಲ. ಅದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಚೀಟಿಯ ಮೇಲೆ ಒಂದು ಕೇಂದ್ರದ ಹೆಸರು, ಲೋಗೋ, ನಕ್ಷೆ ಅಚ್ಚಾಗಿರುತ್ತದೆ. ಹೆಚ್ಚಿನವರು ಅಲ್ಲಿಗೇ ಹೋಗಬೇಕು ಎಂದುಕೊಳ್ಳುತ್ತಾರೆ. ಬೇಕಾಗಿಲ್ಲ. ಅದೇ ಚೀಟಿ ಹಿಡಿದು ನಿಮಗೆ ಬೇಕಾದ ಬೇರೆ ಕೇಂದ್ರಕ್ಕೆ ಹೋಗಬಹುದು. ಚೀಟಿಯಲ್ಲೇ ಎಲ್ಲೋ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ. ಹಣ ಉಳಿಸುವ ಅತಿ ಸುಲಭದ ದಾರಿ ಆ ಸಣ್ಣ ಅಕ್ಷರದಲ್ಲೇ ಇದೆ.

ಸ್ಕ್ಯಾನ್ ಮಾಡಿಸಲು ವೈದ್ಯಕೀಯ ಕಾರಣವೂ ಇರಬೇಕು. ನೆನಪಿಗೆಂದು ಮಗುವಿನ ಮುಖದ ಬಣ್ಣದ ಚಿತ್ರ ತೆಗೆಸುವ 3ಡಿ, 4ಡಿ ಸ್ಕ್ಯಾನಿಗೆ ಮೆಡಿಕೇರ್ ಕೊಡುವುದಿಲ್ಲ. ಗಂಡೋ ಹೆಣ್ಣೋ ತಿಳಿಯುವ ಕುತೂಹಲಕ್ಕೆ ಮಾತ್ರ ಮಾಡಿಸುವುದಕ್ಕೂ ಇಲ್ಲ. ಇಲ್ಲಿ ಸೋನೋಗ್ರಾಫರ್ "ಮಗು ಯಾವುದೆಂದು ತಿಳಿಯಬೇಕಾ?" ಎಂದು ನಿಮ್ಮನ್ನೇ ಕೇಳಬಹುದು. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಭಾರತದ 1994ರ ಕಾಯ್ದೆಯ ಬೋರ್ಡುಗಳನ್ನು ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ನೋಡಿ ಬೆಳೆದ ನಮಗೆ ಆ ಪ್ರಶ್ನೆ ಕೇಳಿ ಗಾಬರಿಯಾಗುತ್ತದೆ. ಇಲ್ಲಿ ಅದು ಅಪರಾಧವಲ್ಲ. ಬೇಡವೆಂದರೆ ಬೇಡ ಎನ್ನಬಹುದು.

ಬಸುರಿನಲ್ಲಿ ಬರುವ ಇನ್ನೊಂದು ಸಂದೇಹವನ್ನೂ ಇಲ್ಲೇ ಮುಗಿಸುತ್ತೇನೆ. 11ರಿಂದ 13 ವಾರದ ನಡುವೆ ಮಗುವಿನ ಕತ್ತಿನ ಹಿಂದಿನ ದ್ರವ ಅಳೆಯುವ ಸ್ಕ್ಯಾನಿಗೆ, ಅಂದರೆ 55707ಕ್ಕೆ, ರಿಬೇಟ್ ಇದೆ. ಅದೇ ಹೊತ್ತಿಗೆ ಡಾಕ್ಟರು ಹೇಳುವ ಎನ್‌ಐಪಿಟಿ ಎಂಬ ರಕ್ತಪರೀಕ್ಷೆಗೆ ಇಲ್ಲ. ಅದರ ಪೂರ್ತಿ ಹಣ ನಿಮ್ಮದೇ. ಎರಡೂ ಒಂದೇ ವಾರದಲ್ಲಿ ಬರುವುದರಿಂದ ಒಂದಕ್ಕೆ ಬಂದ ರಿಬೇಟ್ ಇನ್ನೊಂದಕ್ಕೂ ಬರುತ್ತದೆ ಎಂದು ಕಾಯುತ್ತಾ ಕೂರಬೇಡಿ.

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ

ನಾಗರಿಕರಿಗೆ, ಪಿಆರ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಮೆಡಿಕೇರ್ ಇದೆ. ಆಸ್ಟ್ರೇಲಿಯಾದಲ್ಲಿದ್ದುಕೊಂಡೇ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿರುವವರಿಗೂ, ಕೆಲಸ ಮಾಡಲು ಅನುಮತಿ ಇದ್ದರೆ, ಸಾಮಾನ್ಯವಾಗಿ ಸಿಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಅರ್ಜಿ ಹಾಕಿದ ಮೇಲೂ ಹಳೆಯ ಖಾಸಗಿ ವಿಮೆಯಲ್ಲೇ ತಿಂಗಳುಗಟ್ಟಲೆ ಕಾಲ ತಳ್ಳುತ್ತಾರೆ. ಆದರೆ ಪೇರೆಂಟ್ ವೀಸಾಕ್ಕೆ ಅರ್ಜಿ ಹಾಕಿದ ಅಪ್ಪ ಅಮ್ಮನಿಗೆ ಈ ಸೌಲಭ್ಯವಿಲ್ಲ. ಆ ವೀಸಾ ಕೈಗೆ ಬರುವವರೆಗೆ ಕಾಯಬೇಕು.

ಬ್ರಿಟನ್, ನ್ಯೂಜಿಲೆಂಡ್, ಇಟಲಿ ಸೇರಿ ಹನ್ನೊಂದು ದೇಶಗಳ ಜೊತೆ ಆಸ್ಟ್ರೇಲಿಯಾಕ್ಕೆ ಪರಸ್ಪರ ಆರೋಗ್ಯ ಒಪ್ಪಂದ ಇದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಓಎಸ್‌ಎಚ್‌ಸಿ ಎಂಬ ಕಡ್ಡಾಯ ವಿದ್ಯಾರ್ಥಿ ವಿಮೆಯ ಮೇಲೆ ನಿಂತಿರುತ್ತಾರೆ. ಹೊರಗೆ ಮಾಡಿಸಿದ ಸ್ಕ್ಯಾನಿಗೆ ಆ ವಿಮೆಯೂ ಇದೇ ಶೆಡ್ಯೂಲ್ ಫೀಯ ಶೇ. 85ರ ಲೆಕ್ಕದಲ್ಲೇ ಕೊಡುತ್ತದೆ. ಅಂದರೆ ಮೇಲೆ ಹೇಳಿದ 138 ಡಾಲರ್ ಗ್ಯಾಪ್ ಅವರಿಗೂ ತಪ್ಪಿದ್ದಲ್ಲ. ಬಸುರಿನ ಸ್ಕ್ಯಾನ್ ಆದರೆ ಕಾಯುವ ಅವಧಿ ಏನಾದರೂ ಇದೆಯೇ ಎಂದು ವಿಮಾ ಕಂಪನಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕೆಲಸದ ವೀಸಾದಲ್ಲಿ ಬಂದವರಿಗೂ ಖಾಸಗಿ ವಿಮೆಯೇ ಗತಿ. ಇವರಿಗೆ ಒಂದು ಉಪಯುಕ್ತ ಮಾತು: ಮೆಡಿಕೇರ್ ಸಿಗದವರು ಮೆಡಿಕೇರ್ ಲೆವಿ ಕೊಡಬೇಕಾಗಿಲ್ಲ. ಮೆಡಿಕೇರ್ ಎಂಟೈಟಲ್‌ಮೆಂಟ್ ಸ್ಟೇಟ್‌ಮೆಂಟ್ ಎಂಬ ಪತ್ರಕ್ಕೆ ಸರ್ವಿಸಸ್ ಆಸ್ಟ್ರೇಲಿಯಾ ಇಲಾಖೆಗೆ ಅರ್ಜಿ ಹಾಕಿ. ಅದು ಬಂದ ಮೇಲೆ ತೆರಿಗೆ ಸಲ್ಲಿಸುವಾಗ ಲೆವಿಯಿಂದ ವಿನಾಯಿತಿ ಕೇಳಬಹುದು. ಆ ಶೇ. 2 ಹಲವು ಸ್ಕ್ಯಾನುಗಳಿಗೆ ಸಮ.

ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಬಂದ ತಾಯಿಗೆ ಹೊಟ್ಟೆನೋವು ಬಂದರೆ? ವಿಸಿಟರ್ ವೀಸಾದವರಿಗೆ ಮೆಡಿಕೇರ್ ಇಲ್ಲ. ಸ್ಕ್ಯಾನಿನ ಪೂರ್ತಿ ಹಣ ಕೊಡಬೇಕು, ಸರ್ಕಾರಿ ಆಸ್ಪತ್ರೆಯೂ ಬಿಲ್ಲು ಹಾಕುತ್ತದೆ. ಪ್ರವಾಸಿ ವಿಮೆ ಇದ್ದರೆ ಮೊದಲು ವಿಮೆಯವರಿಗೆ ಫೋನ್ ಮಾಡಿ. ಮೊದಲೇ ಇದ್ದ ಕಾಯಿಲೆಗೆ ಅವರು ಕೊಡದಿರಬಹುದು. ಊರಿನಿಂದ ಹೊರಡುವಾಗಲೇ ಅಮ್ಮನ ಹಳೆಯ ಸ್ಕ್ಯಾನ್ ವರದಿಗಳನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡರೆ ಅದೇ ಸ್ಕ್ಯಾನನ್ನು ಇಲ್ಲಿ ಮತ್ತೊಮ್ಮೆ ಮಾಡಿಸುವುದು ತಪ್ಪಬಹುದು.

ಗ್ಯಾಪಿಗೆ ಖಾಸಗಿ ವಿಮೆ ಕೊಡುವುದಿಲ್ಲವೇ?

ಇಲ್ಲ. ಮೆಡಿಕೇರ್ ರಿಬೇಟ್ ಇರುವ, ಆಸ್ಪತ್ರೆಗೆ ದಾಖಲಾಗದೆ ಪಡೆದ ಸೇವೆಯ ಗ್ಯಾಪನ್ನು ಖಾಸಗಿ ಆರೋಗ್ಯ ವಿಮೆ ತುಂಬಿಕೊಡಲು ಕಾನೂನಿನಲ್ಲೇ ಅವಕಾಶವಿಲ್ಲ. ನೀವು ಎಷ್ಟೇ ದುಬಾರಿ ಪಾಲಿಸಿ ಇಟ್ಟುಕೊಂಡಿರಿ, ಬಡಾವಣೆಯ ಕೇಂದ್ರದಲ್ಲಿ ಮಾಡಿಸಿದ ಸ್ಕ್ಯಾನಿನ 138 ಡಾಲರ್ ನಿಮ್ಮದೇ. ಪಾಲಿಸಿ ಮಾರುವಾಗ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ.

ನೆರವಿಗೆ ಇರುವುದು ಸೇಫ್ಟಿ ನೆಟ್. ಒಂದು ಕ್ಯಾಲೆಂಡರ್ ವರ್ಷದಲ್ಲಿ ನಿಮ್ಮ ಕೈಯಿಂದ ಹೋದ ಹಣ ಒಂದು ಗೆರೆ ದಾಟಿದರೆ ಆಮೇಲಿನ ರಿಬೇಟ್ ಹೆಚ್ಚಾಗುತ್ತದೆ. ಇದರಲ್ಲಿ ಎರಡು ಬಗೆ. ಮೊದಲನೆಯದು ಮೂಲ ಸೇಫ್ಟಿ ನೆಟ್. 2025ರಲ್ಲಿ ಇದರ ಗೆರೆ 576 ಡಾಲರ್ ಇತ್ತು. ಇಲ್ಲಿ ಲೆಕ್ಕಕ್ಕೆ ಬರುವುದು ರಿಬೇಟ್ ಮತ್ತು ಶೆಡ್ಯೂಲ್ ಫೀ ನಡುವಿನ ವ್ಯತ್ಯಾಸ ಮಾತ್ರ, ನಮ್ಮ ಉದಾಹರಣೆಯಲ್ಲಿ 18 ಡಾಲರ್. ಗೆರೆ ದಾಟಿದ ಮೇಲೆ ಶೇ. 85ರ ಬದಲು ಶೆಡ್ಯೂಲ್ ಫೀಯ ಶೇ. 100 ಸಿಗುತ್ತದೆ. ಎರಡನೆಯದು ವಿಸ್ತೃತ ಸೇಫ್ಟಿ ನೆಟ್. ಇಲ್ಲಿ 138 ಡಾಲರೂ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ಸಾಮಾನ್ಯರಿಗೆ ಗೆರೆ 2,615 ಡಾಲರ್ 50 ಸೆಂಟ್, ರಿಯಾಯಿತಿ ಕಾರ್ಡ್ ಇದ್ದವರಿಗೂ ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್ ಎ ಪಡೆಯುವ ಕುಟುಂಬಗಳಿಗೂ 834 ಡಾಲರ್ 50 ಸೆಂಟ್ ಇತ್ತು. ದಾಟಿದ ಮೇಲೆ ಕೈಯಿಂದ ಹೋಗುವುದರ ಶೇ. 80 ವಾಪಸ್. ಆದರೆ ಬಸುರಿನ ಸ್ಕ್ಯಾನ್‌ಗಳಿಗೆ 2010ರ ಜನವರಿಯಿಂದ ಮಿತಿ ಹಾಕಿದ್ದಾರೆ. ಅವಕ್ಕೆ ವಿಸ್ತೃತ ಸೇಫ್ಟಿ ನೆಟ್‌ನಿಂದ ಸಿಗುವುದು ಮಿತಿಯಷ್ಟೇ.

ಒಬ್ಬರೇ ಇದ್ದರೆ ಸೇಫ್ಟಿ ನೆಟ್‌ಗೆ ಹೆಸರು ಹಚ್ಚುವ ಅಗತ್ಯವಿಲ್ಲ, ತಾನಾಗಿ ಲೆಕ್ಕವಾಗುತ್ತದೆ. ಗಂಡ ಹೆಂಡತಿ ಮಕ್ಕಳು ಎಲ್ಲರ ಖರ್ಚು ಒಟ್ಟುಗೂಡಬೇಕೆಂದರೆ ಕುಟುಂಬವಾಗಿ ನೋಂದಾಯಿಸಬೇಕು. ಎಲ್ಲರ ಹೆಸರೂ ಒಂದೇ ಕಾರ್ಡಿನಲ್ಲಿದ್ದರೂ ನೋಂದಣಿ ಬೇಕು. ಒಮ್ಮೆ ಮಾಡಿದರೆ ಸಾಕು. ಮನೆಯಲ್ಲಿ ಬಸುರಿಯೋ ದೀರ್ಘಕಾಲದ ರೋಗಿಯೋ ಇದ್ದರೆ ಜನವರಿಯಲ್ಲೇ ಮಾಡಿಬಿಡಿ.

ಹೋಗುವ ಮುನ್ನ, ಹೋದ ದಿನ

ಚೀಟಿ ಕೈಗೆ ಬಂದ ಮೇಲೆ ಎರಡು ಮೂರು ಕೇಂದ್ರಗಳಿಗೆ ಫೋನ್ ಮಾಡಿ. ಚೀಟಿಯಲ್ಲಿ ಇರುವುದನ್ನು ಹಾಗೇ ಓದಿ ಹೇಳಿ. ಬಲ್ಕ್ ಬಿಲ್ ಉಂಟೇ ಕೇಳಿ. ಇಲ್ಲವೆಂದರೆ ಮೂರು ಅಂಕಿ ಕೇಳಿ: ಒಟ್ಟು ಎಷ್ಟು, ಮೆಡಿಕೇರ್‌ನಿಂದ ವಾಪಸ್ ಎಷ್ಟು, ನನ್ನ ಗ್ಯಾಪ್ ಎಷ್ಟು. ಐಟಂ ನಂಬರನ್ನೂ ಕೇಳಿಟ್ಟುಕೊಳ್ಳಿ. ಒಂದೇ ದಿನ ಎರಡು ಸ್ಕ್ಯಾನ್ ಇದ್ದರೆ ಎರಡನೆಯದರ ಶೆಡ್ಯೂಲ್ ಫೀಯಲ್ಲಿ 5 ಡಾಲರ್ ಕಡಿತವಾಗುತ್ತದೆ. ರಕ್ತನಾಳಗಳ ಸ್ಕ್ಯಾನ್ ಎರಡಾದರೆ ಕಡಿತ ಇನ್ನೂ ಹೆಚ್ಚು. ಹಾಗೆಂದು ಎರಡು ದಿನ ಓಡಾಡುವಷ್ಟೇನೂ ಇಲ್ಲ. ಗ್ಯಾಪ್ ಕೇಳುವಾಗ ಎರಡೂ ಸ್ಕ್ಯಾನಿನ ಹೆಸರು ಹೇಳಿದರಾಯಿತು.

ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಹಿರಿಯರು ಮನೆಯಲ್ಲಿದ್ದರೆ 131 450ಕ್ಕೆ ಫೋನ್ ಮಾಡಿ ಕನ್ನಡ ದುಭಾಷಿಯನ್ನು ಕೇಳಬಹುದು. ಇದು ಸರ್ಕಾರದ ಅನುವಾದ ಸೇವೆ. ಮೆಡಿಕೇರ್‌ಗೆ ನೇರ ಮಾತಾಡಲು 132 011.

ಪಿತ್ತಕೋಶ, ಯಕೃತ್ತು ನೋಡುವ ಸ್ಕ್ಯಾನಿಗೆ ಸಾಮಾನ್ಯವಾಗಿ ಆರು ಗಂಟೆ ಏನೂ ತಿನ್ನದೆ ಇರಬೇಕು. ಬೆಳಗಿನ ಫಿಲ್ಟರ್ ಕಾಫಿಯೂ ಬೇಡ. ಉಂಡ ಕೂಡಲೇ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಕಲ್ಲು ಇದ್ದರೂ ಸರಿಯಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರು ಇನ್ಸುಲಿನ್, ಮಾತ್ರೆಗಳ ವಿಷಯವನ್ನು ಡಾಕ್ಟರ ಹತ್ತಿರ ಕೇಳಿಕೊಂಡು, ಬೆಳಿಗ್ಗೆ ಮೊದಲ ಸಮಯ ಗೊತ್ತುಮಾಡಿಕೊಳ್ಳಿ. ಪೆಲ್ವಿಸ್ ಸ್ಕ್ಯಾನಿಗೆ ತದ್ವಿರುದ್ಧ: ನೀರು ಕುಡಿದು ಮೂತ್ರಕೋಶ ತುಂಬಿರಬೇಕು. ಎಷ್ಟು, ಯಾವಾಗ ಎಂದು ಕೇಂದ್ರದವರೇ ಹೇಳುತ್ತಾರೆ. ಇದನ್ನು ತಪ್ಪಿಸಿದರೆ ವಾಪಸ್ ಕಳಿಸುತ್ತಾರೆ.

ಹೋಗುವಾಗ ಮೆಡಿಕೇರ್ ಕಾರ್ಡ್, ರಿಯಾಯಿತಿ ಕಾರ್ಡ್ ಇದ್ದರೆ ಅದು, ಚೀಟಿ, ಹಳೆಯ ವರದಿ ಇಟ್ಟುಕೊಳ್ಳಿ. ಸೋನೋಗ್ರಾಫರ್ ಸ್ಕ್ಯಾನ್ ಮಾಡುತ್ತಾರೆ. "ಏನಾದರೂ ಕಾಣುತ್ತಿದೆಯೇ?" ಎಂದು ಕೇಳಿದರೆ ಹೆಚ್ಚಾಗಿ ಹೇಳುವುದಿಲ್ಲ. ಅದು ಉದಾಸೀನವಲ್ಲ. ಚಿತ್ರ ನೋಡಿ ವರದಿ ಬರೆಯುವುದು ರೇಡಿಯಾಲಜಿಸ್ಟ್ ಎಂಬ ತಜ್ಞ ವೈದ್ಯರ ಕೆಲಸ. ವರದಿ ನಿಮ್ಮ ಜಿಪಿಗೆ ಹೋಗುತ್ತದೆ.

ಹಣ ಕೊಟ್ಟ ಕೂಡಲೇ ಕೌಂಟರಿನಲ್ಲೇ ರಿಬೇಟ್‌ಗೆ ಅರ್ಜಿ ಹೋಗುವ ವ್ಯವಸ್ಥೆ ಹೆಚ್ಚಿನ ಕಡೆ ಇದೆ. ಇಲ್ಲದಿದ್ದರೆ ರಸೀದಿ ಇಟ್ಟುಕೊಂಡು ಮೈಗವ್ ಎಂಬ ಸರ್ಕಾರಿ ಆನ್‌ಲೈನ್ ಖಾತೆಯ ಮೂಲಕ ನೀವೇ ಸಲ್ಲಿಸಬಹುದು. ನಿಮ್ಮ ಬ್ಯಾಂಕ್ ಖಾತೆಯ ವಿವರ ಮೆಡಿಕೇರ್ ಬಳಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮಂಜೂರಾದ ರಿಬೇಟೂ ಅಲ್ಲೇ ಕೂತಿರುತ್ತದೆ. ಬ್ಯಾಂಕ್ ಬದಲಿಸಿದವರು ಮರೆಯುವುದು ಇದನ್ನೇ.

ಇಲ್ಲಿ ಹೇಳಿದ ದರಗಳು ಸಾಮಾನ್ಯವಾಗಿ ಪ್ರತಿ ಜುಲೈ 1ರಂದು ಬದಲಾಗುತ್ತವೆ, ಸೇಫ್ಟಿ ನೆಟ್ ಗೆರೆಗಳು ಜನವರಿ 1ರಂದು. ಬುಕ್ ಮಾಡುವ ದಿನ ಎಂಬಿಎಸ್ ಆನ್‌ಲೈನ್‌ನಲ್ಲಿ ನಿಮ್ಮ ಐಟಂ ನಂಬರ್ ಹಾಕಿ ಆ ದಿನದ ದರ ನೋಡಿಕೊಂಡೇ ಫೋನ್ ಎತ್ತಿ.